ಸಣ್ಣದು ಮಾಡುವ ಲೆಕ್ಕ

ಬಂಡೆಯೊಳಗೆ ಮದ್ದು ಸಿಡಿದರೆ ಅದರ ಹೊಡೆತ ಯಾವ ಕಡೆಗೆ, ಎಷ್ಟು ದೂರ, ಎಷ್ಟು ಜೋರಾಗಿ ಹೋಗುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸವಾಗಿತ್ತು. ಲೋಣಾವಳಾ ಘಾಟಿನಲ್ಲಿ ಸುರಂಗ ಕೊರೆಯುವವರು, ಭೋರ್ ಕಡೆ ಕಲ್ಲುಕ್ವಾರಿ ನಡೆಸುವವರು ನಮ್ಮ ಸಂಶೋಧನಾ ಸಂಸ್ಥೆಗೆ ಬರುತ್ತಿದ್ದರು. ಗುಡ್ಡ ಒಡೆಯಬೇಕು, ಆದರೆ ಗುಡ್ಡದ ಮೇಲಿನ ಮನೆಗಳ ಗೋಡೆ ಬಿರುಕು ಬಿಡಬಾರದು. ಅದಕ್ಕೆ ಮದ್ದು ಎಷ್ಟು, ಎಲ್ಲೆಲ್ಲಿ ಎಂದು ಹೇಳುವವಳು ನಾನು. ಅದನ್ನೇ ಮಾಡುತ್ತ ತಲೆಗೂದಲು ಬೆಳ್ಳಗಾಯಿತು. ಹೆಣ್ಣುಮಗಳಿಗೆ ಇದೆಂಥ ಮದ್ದಿನ ಕೆಲಸ ಎಂದು ಅವ್ವ ಆಗಾಗ ಗೊಣಗಿದರೂ, ಇದರಿಂದ ಯಾರಿಗೂ ಕೆಡುಕಾಗಿಲ್ಲ ಎಂಬ ಸಮಾಧಾನ ನನಗಿತ್ತು.

ಅವ್ವ, ನಾನು ಇರುವುದು ಪುಣೆಯ ಕೋಥರೂಡ ಬಡಾವಣೆಯಲ್ಲಿ. ಅಪ್ಪ ಬಾಗಲಕೋಟೆ ಕಡೆಯಿಂದ ಬಂದು ಲಕ್ಷ್ಮೀ ರೋಡಿನ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿ ಕೂತರು. ನಮ್ಮ ಪುಣೆಯ ಬಾಳು ಅಲ್ಲಿಂದ ಶುರುವಾದದ್ದು. ನಾನು ಮರಾಠಿ ಶಾಲೆಯಲ್ಲಿ ಓದಿ, ಮನೆಯಲ್ಲಿ ಕನ್ನಡ ಆಡಿ ಬೆಳೆದೆ. ಮದುವೆ ಆಗಲಿಲ್ಲ, ಆಗಬೇಕು ಅನ್ನಿಸಲೂ ಇಲ್ಲ. ಅಪ್ಪ ತೀರಿಕೊಂಡ ಮೇಲೆ ತಮ್ಮ ಸೈನ್ಯಕ್ಕೆ ಹೋದ. ತೋಪುಗಳ ಪಡೆಯಲ್ಲಿ ಅಧಿಕಾರಿ. ನಾನು ಹೇಳುತ್ತಿರುವ ಕಾಲಕ್ಕೆ ಅವನು ಗಡಿಯಲ್ಲಿದ್ದ. ಗಡಿಯಲ್ಲಿ ಎಲ್ಲಿ ಎಂದು ಅವನೂ ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ.

ಸಂಸ್ಥೆಯಲ್ಲಿ ನನ್ನ ಜೊತೆ ಕನ್ನಡ ಆಡುತ್ತಿದ್ದವರು ಒಬ್ಬರೇ, ನನಗೆ ಪಿಎಚ್.ಡಿ. ಮಾಡಿಸಿದ ಸರ್. ಸೋಲಾಪುರ ದಾಟಿದ ಮೇಲೆ ಭೀಮಾ ದಂಡೆಗೆ ಬರುವ ಒಂದು ಹಳ್ಳಿಯವರು. ಪಾಠ ಹೇಳಲು ಬರುವ ಮೊದಲು ಅವರು ಎಲ್ಲಿ ಕೆಲಸ ಮಾಡಿದ್ದರು ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವರ ತಾರುಣ್ಯವೆಲ್ಲ ಅಣುಬಾಂಬಿನ ಕೆಲಸದಲ್ಲಿ ಕಳೆದಿತ್ತು. ನಿವೃತ್ತರಾದ ಮೇಲೂ ಸಂಸ್ಥೆಯವರು ಗೌರವದಿಂದ ಅವರಿಗೊಂದು ಕೋಣೆ ಬಿಟ್ಟುಕೊಟ್ಟಿದ್ದರು. ನನ್ನ ಪಾಲಿಗೆ ಅವರು ಅಪ್ಪನ ಜಾಗದಲ್ಲಿದ್ದವರು.

ಒಂದು ಫೆಬ್ರುವರಿಯ ಮಧ್ಯಾಹ್ನ ಸರ್ ಒಬ್ಬರನ್ನು ಕರೆದುಕೊಂಡು ನನ್ನ ಕೋಣೆಗೆ ಬಂದರು. ದಿಲ್ಲಿಯ ಅಧಿಕಾರಿ. ಇಸ್ತ್ರಿ ಮುರಿಯದ ಶರ್ಟು, ಮೆತ್ತಗಿನ ಹಿಂದಿ. ಹೆಸರು ಹೇಳಿದರು, ಇಲಾಖೆ ಹೇಳಲಿಲ್ಲ. ನನ್ನ ಲೇಖನಗಳನ್ನು ಓದಿಕೊಂಡು ಬಂದಿದ್ದರು. ಚಹಾ ಕುಡಿದು, ಎದ್ದು, ಬೋರ್ಡಿನ ಮೇಲೆ ಒಂದು ದುಂಡನೆಯ ಚಿತ್ರ ಬರೆದು ಸಮಸ್ಯೆ ವಿವರಿಸಿದರು. ಹೊಡೆತ ಹೊರಗಿನಿಂದ ಹೊರಟು, ಎಲ್ಲ ಕಡೆಯಿಂದ ಒಂದೇ ಸಮನೆ ನಡುವಿಗೆ ಬಂದು ಕೂಡಬೇಕು. ಈಗ ಇರುವುದು ದೊಡ್ಡದು, ಭಾರ. ಅದನ್ನು ಸಣ್ಣದು ಮಾಡಬೇಕಾಗಿದೆ. ನಿಮ್ಮ ಲೆಕ್ಕದ ವಿಧಾನ ಇದಕ್ಕೆ ಚೆನ್ನಾಗಿ ಹೊಂದುತ್ತದೆ ಎಂದರು.

ನಾನು ಅಲ್ಲಿಯವರೆಗೆ ಲೆಕ್ಕ ಹಾಕಿದ ಹೊಡೆತಗಳೆಲ್ಲ ಒಳಗಿನಿಂದ ಹೊರಗೆ ಹೋಗುವಂಥವು. ಹೊರಗಿನಿಂದ ಒಳಗೆ ಬರುವ ಹೊಡೆತ ಸುರಂಗಕ್ಕೂ ಬೇಡ, ಕ್ವಾರಿಗೂ ಬೇಡ. ಅದು ಬೇಕಾಗುವುದು ಅಣುಬಾಂಬಿಗೆ ಎಂಬುದು ಭೌತಶಾಸ್ತ್ರ ಓದಿದ ಯಾರಿಗೂ ಗೊತ್ತಿರುವ ಮಾತು. ಸರ್ ಮುಖ ನೋಡಿದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು.

"ಅವಸರವಿಲ್ಲ, ಯೋಚನೆ ಮಾಡಿ," ಎಂದು ಹೇಳಿ ಆ ಅಧಿಕಾರಿ ಬೋರ್ಡನ್ನು ತಾವೇ ಒರೆಸಿ ಹೋದರು.

ಬಾಗಿಲು ಮುಚ್ಚಿಕೊಂಡ ಮೇಲೆ ನಾನು ಸರ್ ಅವರನ್ನು ಕೇಳಿದೆ. "ಸರ್, ಇದು ಅದರದs ಕೆಲಸ ಹೌದಲ್ರಿ?"

"ನಿನಗ ಗೊತ್ತಾಗಿದ್ದನ್ನ ನನ್ನ ಬಾಯಿಂದ ಯಾಕ ಹೇಳಸ್ತಿ?"

"ಸಣ್ಣದು ಯಾಕ ಬೇಕು ಇವರಿಗೆ? ಇದ್ದದ್ದು ಸಾಲದೇನು?"

ಸರ್ ಪಾಠ ಹೇಳುವಾಗಿನ ತಾಳ್ಮೆಯಲ್ಲೇ ಹೇಳಿದರು. "ಎದುರಿನವರು ಸಣ್ಣದು ಮಾಡಿ ಇಟ್ಕೊಂಡಾರ. ನಾಳೆ ಅವರು ಅದನ್ನ ನಮ್ಮ ಫೌಜಿನ ಮ್ಯಾಲೆ ಒಗದ್ರು ಅಂತ ತಿಳಿ. ನಮ್ಮ ಹತ್ರ ಬರೇ ದೊಡ್ಡದು ಅದ. ಆವಾಗ ನಾವು ಇಡೀ ಊರು ಸುಡೋದೋ, ಸುಮ್ಮನ ಕೂಡೋದೋ? ಅದಕ್ಕ ಇದು ಬೇಕು. ಒಗೀಲಿಕ್ಕಲ್ಲವಾ, ಅವರು ಒಗೀಬಾರದು ಅಂತ. ನಿನ್ನ ತಮ್ಮ ಇವತ್ತು ಜೀವಂತ ಇರೋದು ನಾವು ಹಿಂದ ಮಾಡಿಟ್ಟ ಕೆಲಸದಿಂದ. ಮರೀಬ್ಯಾಡ."



ಆಮೇಲಿನ ವಾರಗಳು ನನಗೆ ನೆಟ್ಟಗೆ ನೆನಪಿಲ್ಲ. ಆದರೆ ಒಂದು ಸಂಗತಿ ಚೆನ್ನಾಗಿ ನೆನಪಿದೆ. ಆ ಲೆಕ್ಕ ನನ್ನನ್ನು ಬಿಡಲಿಲ್ಲ. ಪೌಡ್ ರೋಡಿನಲ್ಲಿ ಬಸ್ಸು ಟ್ರಾಫಿಕ್ಕಿಗೆ ಸಿಕ್ಕಿ ನಿಂತಾಗ, ಹಿಡಿಕೆಗೆ ಜೋತುಬಿದ್ದುಕೊಂಡೇ ನಾನು ಮನಸ್ಸಿನಲ್ಲಿ ಅದರ ಒಂದೊಂದು ಗಂಟು ಬಿಚ್ಚುತ್ತಿದ್ದೆ. ಇಷ್ಟು ಚೆಂದದ ಸಮಸ್ಯೆ ನನ್ನ ಎದುರಿಗೆ ಯಾವತ್ತೂ ಬಂದಿರಲಿಲ್ಲ. ಒಂದು ಸಂಜೆ ತಟ್ಟನೆ ದಾರಿ ಹೊಳೆಯಿತು. ಖುಷಿಗೆ ಮೈ ಜುಮ್ಮೆಂದಿತು. ಅದರ ಬೆನ್ನಿಗೇ ಎಂಥದೋ ಹೆದರಿಕೆ. ಬಸ್ಸಿನ ತುಂಬ ಆಫೀಸು ಬಿಟ್ಟು ಮನೆಗೆ ಹೋಗುವ ಜನ. ಒಬ್ಬಾಕೆ ಮೆಂತ್ಯದ ಕಟ್ಟು ಹಿಡಿದು ನಿಂತಿದ್ದಳು. ನಾನು ನನ್ನ ಸ್ಟಾಪಿಗಿಂತ ಮೊದಲೇ ಇಳಿದು ನಡೆದುಕೊಂಡು ಮನೆಗೆ ಹೋದೆ.

ನಾನು ಯೋಚನೆ ಮಾಡಿದ್ದು ಇಷ್ಟೇ. ಆ ವಸ್ತು ದೊಡ್ಡದಾಗಿದ್ದಾಗ ಅದು ದಿಲ್ಲಿಯಲ್ಲಿ ಕೂತ ಕೆಲವರ ಕೈಯಲ್ಲಿರುತ್ತದೆ. ಅವರು ಹತ್ತು ಸಲ ಯೋಚಿಸುತ್ತಾರೆ, ಯೋಚಿಸಲೇಬೇಕು. ಸಣ್ಣದಾದರೆ ಅದನ್ನು ಗಡಿಯ ಹತ್ತಿರ ಒಯ್ದು ಇಡಬೇಕಾಗುತ್ತದೆ. ಗಡಿಯ ಹತ್ತಿರ ಗಡಿಬಿಡಿ ಇರುತ್ತದೆ, ಫೋನು ಹತ್ತುವುದಿಲ್ಲ, ಹೊಗೆಯಲ್ಲಿ ಯಾರು ಏನು ಎಂದು ತಿಳಿಯುವುದಿಲ್ಲ. ಅಲ್ಲಿ ಅದರ ಮೇಲೆ ಹಿಡಿತ ಯಾರದು? ನನ್ನ ತಮ್ಮನಂಥವರದು.

ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹಾಗೇ ಬೇಸಿಗೆ ಬಂತು, ಬೇಸಿಗೆಯ ನಡುವೆ ಗಡಿಯಲ್ಲಿ ಹೊಡೆದಾಟ ಶುರುವಾಯಿತು.

ಆ ದಿನಗಳನ್ನು ಪುಣೆಯಲ್ಲಿ ಕಳೆದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಟಿವಿಯವರು ಬೆಳಗಿನಿಂದ ಚೀರುತ್ತಿದ್ದರು. ತಮ್ಮನ ಫೋನು ಬರುವುದು ನಿಂತಿತು. ಅವ್ವ ದೇವರ ಮುಂದೆ ಕೂರುವುದನ್ನೂ ಬಿಟ್ಟು ಟಿವಿಯ ಮುಂದೆ ಕೂತಳು. ಅನ್ನ ಕಲಸಿ ಕೊಟ್ಟರೆ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು. ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಸೈರನ್ನಿನ ಅಭ್ಯಾಸ ನಡೆಯಿತು. ಕೂಗು ಶುರುವಾದ ಕೂಡಲೇ ಎಲ್ಲರೂ ಮೆಟ್ಟಿಲು ಇಳಿದು ಪಾರ್ಕಿಂಗಿನಲ್ಲಿ ನಿಂತೆವು. ನಮ್ಮ ಎದುರು ಮನೆಯ ಕಾಕಾ, ದಿನಾ ನಾಯಿಗಳಿಗೆ ಬಿಸ್ಕೀಟು ಹಾಕುವ ಮೆತ್ತನೆಯ ಮನುಷ್ಯ, ಗಟ್ಟಿಯಾಗಿ, "ಏಕ್‌ದಾಚಾ ಟಾಕೂನ್ ಟಾಕಾ!" ಎಂದರು. ಒಂದು ಸಲ ಹಾಕಿ ಮುಗಿಸಿಬಿಡಿ ಅಂತ. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಹಾಕುವುದು ಅಂದರೆ ಏನನ್ನು ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅವ್ವ ಮಾತ್ರ ನನ್ನ ತೋಳು ಹಿಡಿದು ಕೇಳಿದಳು. "ಹಾಕಿದ್ರ ನಮ್ಮ ಹುಡುಗ ಅಲ್ಲೇ ಅದಾನಲ್ಲs?"

ಅದರ ಮರುದಿನವೇ ದಿಲ್ಲಿಯ ಅಧಿಕಾರಿ ಮತ್ತೆ ಬಂದರು. ಈ ಸಲ ಸಭೆಯ ಕೋಣೆಯಲ್ಲಿ ಸಂಸ್ಥೆಯ ನಿರ್ದೇಶಕರೂ ಇದ್ದರು, ಸರ್ ಕೂಡ ಇದ್ದರು. ಅಧಿಕಾರಿಯ ಮುಖ ನಿದ್ದೆಗೆಟ್ಟು ಸೊರಗಿತ್ತು. "ಈಗಲಾದರೂ ನಿಮಗೆ ಇದರ ತುರ್ತು ಅರ್ಥವಾಗಿರಬೇಕು," ಎಂದರು. "ನಿಮ್ಮ ಮನೆಯವರೇ ಅಲ್ಲಿದ್ದಾರಂತೆ."

ಅದನ್ನು ಅವರಿಗೆ ಹೇಳಿದ್ದು ಸರ್ ಎಂದು ನನಗೆ ತಿಳಿಯಿತು. ನಾನು ಈ ಕೆಲಸ ಮಾಡುವುದಿಲ್ಲ ಎಂದೆ.

"ಕಾರಣ?"

"ಇದು ಸಣ್ಣದಾದರೆ ಬಳಸುವುದು ಸುಲಭವಾಗುತ್ತದೆ. ಸುಲಭ ಮಾಡಿಕೊಡುವ ಕೆಲಸ ನನ್ನಿಂದ ಆಗದು."

ನಿರ್ದೇಶಕರು ಇದು ನೀವು ತೀರ್ಮಾನಿಸುವ ವಿಷಯವಲ್ಲ, ನೀವು ಲೆಕ್ಕ ಮಾಡುವವರು, ನೀತಿ ಮಾಡುವವರು ಬೇರೆ ಇದ್ದಾರೆ ಎಂದರು. ನಾನು ಹೇಳಿದೆ, ಆ ಬೇರೆಯವರು ನನ್ನನ್ನು ಕೇಳುತ್ತಿರುವುದು ಲೆಕ್ಕವನ್ನೇ, ಹಾಗಾಗಿ ಲೆಕ್ಕದ ಮಟ್ಟಿಗಾದರೂ ತೀರ್ಮಾನ ನನ್ನದು. ಅಧಿಕಾರಿ ಸಿಟ್ಟು ಮಾಡಲಿಲ್ಲ. "ಬೇರೆಯವರು ಮಾಡುತ್ತಾರೆ. ಸ್ವಲ್ಪ ತಡವಾಗುತ್ತದೆ, ಅಷ್ಟೇ," ಎಂದರು. ಸರ್ ಕುರ್ಚಿ ಸರಿಸಿ ಎದ್ದು, ನನ್ನ ಕಡೆ ನೋಡದೆ ಹೊರಗೆ ಹೋದರು. ಆ ಕೋಣೆಯಲ್ಲಿ ನನಗೆ ನೋವಾದದ್ದು ಅದೊಂದೇ.

ಮನೆಗೆ ಬಂದು ಅವ್ವನಿಗೆ ಹೇಳಿದೆ, ಮುಚ್ಚಿಡುವ ಶಕ್ತಿ ನನಗಿರಲಿಲ್ಲ. ಎಲ್ಲವನ್ನೂ ಅಲ್ಲ, ಸರ್ಕಾರದ ಒಂದು ಕೆಲಸ ಬಂದಿತ್ತು, ಬೇಡ ಅಂದೆ ಎಂದಷ್ಟೇ. ಅವ್ವ ಟಿವಿಯ ಸದ್ದು ತಗ್ಗಿಸಿ ಕೇಳಿದಳು. "ಆ ಕೆಲಸಾ ಮಾಡಿದ್ರ ನಿನ್ನ ತಮ್ಮಗ ಅನುಕೂಲ ಆಗತಿತ್ತೇನು?"

"ಗೊತ್ತಿಲ್ಲವ್ವಾ."

"ಗೊತ್ತಿಲ್ಲದs ಬ್ಯಾಡ ಅಂದ್ಯಾ?" ಎಂದು ಮುಖ ತಿರುಗಿಸಿದಳು. ಆ ವಾರವೆಲ್ಲ ನನ್ನ ಕೈಯಿಂದ ಚಹಾ ಸಹ ತೆಗೆದುಕೊಳ್ಳಲಿಲ್ಲ, ತಾನೇ ಮಾಡಿಕೊಂಡು ಕುಡಿದಳು.

ಹೊಡೆದಾಟ ಶುರುವಾದಷ್ಟೇ ತಟ್ಟನೆ ನಿಂತಿತು. ಒಂದು ಸಂಜೆ ತಮ್ಮನ ಫೋನು ಬಂತು. "ಆರಾಮ ಅದೀನಿ," ಎಂಬ ಒಂದೇ ಮಾತು, ಅಷ್ಟರಲ್ಲಿ ಲೈನು ಹೋಯಿತು. ಅವ್ವ ನೆಲದ ಮೇಲೆ ಕುಸಿದು ಕೂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ನಾನು ಪಕ್ಕದಲ್ಲಿ ಕೂತೆ. ಅವಳು ನನ್ನನ್ನು ದೂಡಲಿಲ್ಲ.

ಸಂಸ್ಥೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ದೊಡ್ಡ ಕಂಪ್ಯೂಟರಿನಲ್ಲಿ ನನಗಿದ್ದ ಸಮಯ ಮಾತ್ರ ಕಡಿಮೆಯಾಗುತ್ತ ಬಂದು ಇಲ್ಲವಾಯಿತು. ನನ್ನ ಕೈಕೆಳಗಿದ್ದ ಇಬ್ಬರು ವಿದ್ಯಾರ್ಥಿಗಳಿಗೆ ಬೇರೆ ಮಾರ್ಗದರ್ಶಕರನ್ನು ಕೊಟ್ಟರು. ಪರದೇಶದ ಒಂದು ಸಮ್ಮೇಳನಕ್ಕೆ ಹೋಗಲು ಕೇಳಿದ ಅನುಮತಿ ಎಲ್ಲೋ ನಿಂತೇಬಿಟ್ಟಿತು. ಕ್ಯಾಂಟೀನಿನಲ್ಲಿ ನಾನು ಕೂತ ಟೇಬಲ್ಲಿಗೆ ಜನ ಬರುವುದು ಕಡಿಮೆಯಾಯಿತು. ಸರ್ ಎದುರಾದರೆ ಬೇರೆ ಕಾರಿಡಾರಿಗೆ ತಿರುಗುತ್ತಿದ್ದರು.

ಜುಲೈ ಮಳೆ ಹಿಡಿದಿತ್ತು. ಒಂದು ರವಿವಾರ ಮಧ್ಯಾಹ್ನ ಬಾಗಿಲ ಬೆಲ್ಲು ಆಯಿತು. ತೆಗೆದರೆ ಸರ್. ಛತ್ರಿಯಿಂದ ನೀರು ಸುರಿಯುತ್ತಿತ್ತು, ಬಗಲಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ನಕಾಶೆ.

"ಬರ್ರಿ ಸರ, ಇಂಥಾ ಮಳಿಯೊಳಗ!" ಎಂದು ಅವ್ವ ಟವೆಲ್ಲು ತಂದುಕೊಟ್ಟಳು. ಅವರು ತಲೆ ಒರೆಸಿಕೊಳ್ಳಲಿಲ್ಲ, ಟವೆಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಅವ್ವ ಅಡುಗೆಮನೆಗೆ ಹೋದ ಮೇಲೆ ಬಾಯಿ ತೆಗೆದರು.

"ಆ ಹೊಡದಾಟದ ದಿವಸದಾಗ ನನ್ನನ್ನ ದಿಲ್ಲಿಗೆ ಕರಿಸಿದ್ರು. ಒಬ್ಬ ಹುಡುಗ ಅಧಿಕಾರಿ ಕೇಳಿದ, ಸರ್, ಅಕಸ್ಮಾತ್ ಅವರು ನಮ್ಮ ಒಂದು ಊರಿನ ಮ್ಯಾಲೆ ಹಾಕಿದ್ರ ಗಾಳಿ ಅದರ ವಿಷದ ಬೂದಿನ್ನ ಎಲ್ಲೀ ತನಕ ಒಯ್ತದ, ಯಾವ ಊರು ಖಾಲಿ ಮಾಡಸಬೇಕು ಅಂತ. ನನಗ ಹೇಳಲಿಕ್ಕೆ ಬರಲಿಲ್ಲ." ಅವರು ನನ್ನ ಮುಖ ನೋಡಿದರು. "ಅದು ಹ್ಯಾಂಗ ಸಿಡೀತದ ಅನ್ನೋದರಾಗ ನನ್ನ ಜೀವನಾ ಹೋತು. ಸಿಡದ ಮ್ಯಾಲೆ ನೆಲದ ಮ್ಯಾಲೆ ಏನಾಗತದ, ಅದನ್ನ ನಾ ಒಂದ ದಿವಸಾನೂ ಲೆಕ್ಕಾ ಮಾಡಿಲ್ಲ. ನಮ್ಮ ವಿಭಾಗದ ಕೆಲಸ ಅಲ್ಲ ಅಂತ ಬಿಟ್ಟಿದ್ದೆ. ಇವತ್ತು ಮಾಡೋಣು. ನೀ ಕೂಡು ನನ್ನ ಜೋಡಿ."

"ಯಾವ ಊರಿಗೆ ಸರ್?"

"ಈ ಊರಿಗೇ."

ಊಟದ ಮೇಜಿನ ಮೇಲೆ ನಕಾಶೆ ಬಿಡಿಸಿದೆವು. ಪುಣೆ ನಡುವೆ, ಬಲಗಡೆ ಸೋಲಾಪುರದವರೆಗೆ. ಬೇಕಾದ ಸೂತ್ರಗಳು ಯಾವ ಗುಟ್ಟೂ ಅಲ್ಲ, ಎಲ್ಲ ದೇಶದವರೂ ಬರೆದಿಟ್ಟಿದ್ದಾರೆ. ಊರ ನಡುವಿನ ಶನಿವಾರವಾಡೆ ಕೋಟೆಯ ಹತ್ತಿರ ಒಂದು ಚುಕ್ಕಿ. ಎಲ್ಲ ಸುಟ್ಟುಹೋಗುವಷ್ಟು ದೂರಕ್ಕೆ ಒಂದು ಗೆರೆ. ಅಪ್ಪ ಕೆಲಸ ಮಾಡಿದ ಅಂಗಡಿ ಅದರೊಳಗೆ ಬಂತು, ನಾನು ಓದಿದ ಶಾಲೆ ಬಂತು, ದೊಡ್ಡ ಆಸ್ಪತ್ರೆಗಳೆಲ್ಲ ಬಂದವು. ಗೋಡೆ ಕುಸಿಯುವ ಗೆರೆ ನಮ್ಮ ಕೋಥರೂಡವನ್ನು ಸೀಳಿಕೊಂಡು ಹೋಯಿತು. ಸರ್ ಮಾತಾಡದೆ ಒಂದೊಂದೇ ಲೆಕ್ಕ ಮಾಡುತ್ತ ಹೋದರು. ತಪ್ಪಾದಲ್ಲಿ ನಾನು ಹೇಳಿದೆ, ಅವರು ತಿದ್ದಿಕೊಂಡರು. ಮೊದಲು ನಾನು ವಿದ್ಯಾರ್ಥಿನಿಯಾಗಿದ್ದಾಗ ಹೀಗೇ ಕೂತು ಕೆಲಸ ಮಾಡುತ್ತಿದ್ದೆವು.

ಆಮೇಲೆ ಗಾಳಿಯ ಲೆಕ್ಕ. ಮಳೆಗಾಲದಲ್ಲಿ ಇಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ. ಸರ್ ಸ್ಕೇಲು ಇಟ್ಟು ಬೂದಿ ಹಾರುವ ದಾರಿಯ ಗೆರೆ ಎಳೆದರು. ಹಡಪಸರ, ದೌಂಡ, ಭೀಮೆಯ ಉದ್ದಕ್ಕೂ ಸೋಲಾಪುರ. ಅಲ್ಲಿಗೆ ನಕಾಶೆ ಮುಗಿದಿತ್ತು. ಅವರ ಪೆನ್ಸಿಲ್ಲು ಕಾಗದದ ಅಂಚಿಗೆ ಬಂದು ನಿಂತಿತು.

"ಮುಂದ ನಮ್ಮೂರು," ಎಂದರು.

ಅವ್ವ ಉಪ್ಪಿಟ್ಟಿನ ತಾಟು ಹಿಡಿದು ಬಂದವಳು ಮೇಜಿನ ಮೇಲೆ ಜಾಗವಿಲ್ಲದೆ ನಿಂತಳು. ನಕಾಶೆ ನೋಡಿದಳು. ಮರಾಠಿ ಅಕ್ಷರ ಅವಳಿಗೆ ಬರುತ್ತದೆ. "ಕೋಥರೂಡ ಅಂತ ಅದ ಇಲ್ಲೆ. ಏನ್ರಿ ಸರ ಇದು, ಈ ಗೆರಿ?"

ಸರ್ ಪೆನ್ಸಿಲ್ಲು ಕೆಳಗಿಟ್ಟರು. ನಾನೇ ಹೇಳಿದೆ, ಬಾಂಬು ಬಿದ್ದರೆ ಎಲ್ಲಿಯ ತನಕ ಏನಾಗುತ್ತದೆ ಎಂಬ ಲೆಕ್ಕ.

ಅವ್ವ ತಾಟನ್ನು ಕುರ್ಚಿಯ ಮೇಲೆ ಇಟ್ಟಳು. "ಇದನ್ನs ನಿನಗ ಮಾಡು ಅಂದಿದ್ರೇನು ಅವರು?"

"ಇದನ್ನ ಮಾಡೋ ವಸ್ತು ಮಾಡಲಿಕ್ಕೆ ಹೇಳಿದ್ರು."

ಅವ್ವ ಸರ್ ಕಡೆ ತಿರುಗಿದಳು. ಇಷ್ಟು ವರ್ಷದಲ್ಲಿ ಅವರೆದುರು ಅವಳು ಧ್ವನಿ ಏರಿಸಿದ್ದಿಲ್ಲ. "ನೀವು ಭಾಳ ದೊಡ್ಡವರು. ನನ್ನ ಮಗಳಿಗೆ ವಿದ್ಯಾ ಕೊಟ್ಟೀರಿ. ಆದ್ರ ಈ ಕಾಗದ ನನ್ನ ಮನ್ಯಾಗ ಬ್ಯಾಡ್ರಿ. ಉಂಡು ಹೋಗ್ರಿ, ಇದನ್ನ ಮಾತ್ರ ಮಡಚಿ ಇಡ್ರಿ."

ಸರ್ ನಿಧಾನಕ್ಕೆ ನಕಾಶೆ ಮಡಚಿದರು. ಉಪ್ಪಿಟ್ಟು ತಿಂದರು. ಹೋಗುವಾಗ ಮೆಟ್ಟಿಲ ಹತ್ತಿರ ನಿಂತು, "ನೀ ಬ್ಯಾಡ ಅಂದದ್ದು ಸರಿ ಅಂತ ನನಗ ಇನ್ನೂ ಅನಸವಲ್ದು. ಆದ್ರ ನಾ ಕೇಳಬೇಕಾದ್ದನ್ನ ಕೇಳದನ ಹೂಂ ಅಂದಿದ್ದೆ ಅನ್ನೋದು ಖರೆ," ಎಂದರು.

ಚಳಿಗಾಲಕ್ಕೆ ಸಂಸ್ಥೆಯಲ್ಲಿ ಅವರ ಸನ್ಮಾನದ ಭಾಷಣವಿತ್ತು. ಅವರ ಹಳೆಯ ಸಹೋದ್ಯೋಗಿಗಳು ಮುಂಬೈಯಿಂದ, ದಿಲ್ಲಿಯಿಂದ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಎಲ್ಲರೂ ಹಳೆಯ ದಿನಗಳ ಕಥೆ ಕೇಳಲು ಬಂದವರು. ಸರ್ ಪರದೆಯ ಮೇಲೆ ಆ ನಕಾಶೆಯನ್ನೇ ಹಾಕಿದರು.

ಬಾಂಬು ಬಿಟ್ಟುಬಿಡಿ ಎಂದು ಅವರು ಹೇಳಲಿಲ್ಲ. ತಾವು ಹಿಂದೆ ಮಾಡಿದ ಕೆಲಸ ಬೇಕಾಗಿತ್ತು ಎಂದೇ ಈಗಲೂ ನಂಬುವುದಾಗಿ ಹೇಳಿದರು. ಆದರೆ ಸಣ್ಣದು ಬೇಡ. ರಣರಂಗಕ್ಕೆ ಒಯ್ಯುವಂಥದ್ದನ್ನು ಎರಡೂ ಕಡೆಯವರು ಕೂತು ಮಾತಾಡಿ ಬಿಡಬೇಕು, ಅದನ್ನು ಮಾಡಿ ಎಂದು ಕೇಳಿದಾಗ ವಿಜ್ಞಾನಿಗಳು ಮೊದಲು ನೆಲದ ಮೇಲಿನ ಲೆಕ್ಕ ಮಾಡಿ ಕೇಳಿದವರ ಎದುರಿಗೆ ಇಡಬೇಕು, ಅದಾದ ಮೇಲೂ ಮಾಡುವುದೋ ಬಿಡುವುದೋ ತಮ್ಮ ಮನಸ್ಸಿಗೆ ಬಂದದ್ದನ್ನು ಹೇಳುವ ಹಕ್ಕು ಅವರಿಗಿರಬೇಕು. ಹೇಳಿದವರ ಕಂಪ್ಯೂಟರು ಕಿತ್ತುಕೊಳ್ಳಬಾರದು. ಆ ಮಾತಿಗೆ ನಿರ್ದೇಶಕರು ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ.

ಮುಂದಿನ ಸಾಲಿನಿಂದ ಒಬ್ಬ ಮುದುಕರು ಎದ್ದರು. "ಇಷ್ಟು ವರ್ಷ ನೀವು ನಮ್ಮವರಾಗಿದ್ದಿರಿ. ವೈರಿಗೆ ಸಂತೋಷವಾಗುವ ಮಾತು ಇದು," ಎಂದು ಇಂಗ್ಲಿಷಿನಲ್ಲಿ ಹೇಳಿ ಹೊರಗೆ ನಡೆದರು. ಅವರ ಹಿಂದೆ ಇನ್ನೂ ಕೆಲವರು. ಉಳಿದವರು ಶಿಷ್ಟಾಚಾರಕ್ಕೆ ಕೈ ತಟ್ಟಿದರು. ಶಾಲು ಹೊದಿಸುವ ಕಾರ್ಯಕ್ರಮ ನಡೆಯಿತು, ಯಾರೂ ಫೋಟೋಕ್ಕೆ ನಿಲ್ಲಲಿಲ್ಲ. ಕೆಲವು ದಿನಗಳಲ್ಲಿ ಸರ್ ಕೋಣೆಯನ್ನು ಬೇರೆ ಕೆಲಸಕ್ಕೆ ಬೇಕೆಂದು ತೆಗೆದುಕೊಂಡರು. ನಾನು, ಅವರು ಸೇರಿ ಪುಸ್ತಕಗಳನ್ನು ರಿಕ್ಷಾದಲ್ಲಿ ಸಾಗಿಸಿದೆವು.

ತಮ್ಮ ರಜೆಗೆ ಬಂದದ್ದು ಅದಾದ ಮೇಲೆ. ಸಣಕಲಾಗಿದ್ದ. ಊಟಕ್ಕೆ ಕೂತಾಗ ಅವ್ವನೇ ಎಲ್ಲ ಹೇಳಿಬಿಟ್ಟಳು. ಅವನ ಕೈ ರೊಟ್ಟಿಯ ಮೇಲೆ ನಿಂತಿತು.

"ನಾ ಅಲ್ಲಿ ನಿಂತಿದ್ದೆ, ಅಕ್ಕಾ. ನೀ ಇಲ್ಲಿ ಕೂತು ಬ್ಯಾಡ ಅಂದಿ. ಯಾರನ್ನ ಕೇಳಿ ಅಂದಿ?"

"ಯಾರನ್ನೂ ಕೇಳಲಿಲ್ಲ."

ಅವನು ಎದ್ದು ಕೈ ತೊಳೆದುಕೊಂಡ. ಮರುದಿನ ಬೆಳಿಗ್ಗೆ ನಾನು ಟೇಕಡಿಗೆ, ಅಂದರೆ ಮನೆ ಹಿಂದಿನ ಗುಡ್ಡಕ್ಕೆ, ಹೊರಟಾಗ ಅವನೂ ಬೂಟು ಹಾಕಿಕೊಂಡು ಜೊತೆಗೆ ಬಂದ. ಅರ್ಧ ಗುಡ್ಡ ಹತ್ತಿದ ಮೇಲೆ, ನನ್ನ ಕಡೆ ನೋಡದೆ ಹೇಳಿದ.

"ಆ ವಾರ ಒಂದ್ ಸಲಾ ಮ್ಯಾಲಿಂದ ಹುಕುಮು ಬರೋದು ತಡಾ ಆತು. ಎದುರಿಂದ ಏನು ಬರಲಿಕ್ಕತ್ತದ ಅಂತ ಗೊತ್ತಾಗಲಿಲ್ಲ. ನನ್ನ ಹುಡುಗರು ನನ್ನ ಮುಖಾನೇ ನೋಡತಿದ್ರು. ನಾ ಹೊಡೀರಿ ಅಂದೆ. ಆಮ್ಯಾಲೆ ಗೊತ್ತಾತು, ಎದುರಿಗೆ ಏನೂ ಇರಲಿಲ್ಲ." ಸ್ವಲ್ಪ ಹೊತ್ತು ಏದುಸಿರು ಬಿಟ್ಟ. "ನೀ ಮಾಡಿದ್ದು ಸರಿ ಅಂತ ನಾ ಹೇಳಾಂಗಿಲ್ಲ. ನನ್ನ ತೋಪಿನ ಹತ್ರ ಅವತ್ತು ಬರೇ ತೋಪಿನ ಗುಂಡು ಇತ್ತು, ಆ ಸಣ್ಣದು ಇರಲಿಲ್ಲ. ಅಷ್ಟ ಹೇಳತೀನಿ."

ನಾವು ಮೇಲಿನ ತನಕ ಹೋಗಲಿಲ್ಲ. ಅಲ್ಲಿಂದಲೇ ಇಳಿದು, ಕೆಳಗೆ ರಸ್ತೆ ಬದಿ ಪೋಹೆ, ಅಂದರೆ ಒಗ್ಗರಣೆ ಅವಲಕ್ಕಿ, ತಿಂದು ಮನೆಗೆ ಬಂದೆವು.

ನಾನೀಗ ಆ ಸಂಸ್ಥೆಯಲ್ಲಿಲ್ಲ. ಊರಾಚೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಭೂಮಿ ನಡುಗಿದರೆ ಅದು ಭೂಕಂಪವೋ, ಕ್ವಾರಿಯ ಸಿಡಿತವೋ, ಯಾರಾದರೂ ನೆಲದಡಿ ಗುಟ್ಟಾಗಿ ಮಾಡಿದ ಪರೀಕ್ಷೆಯೋ ಎಂದು ಅಲೆಗಳಿಂದ ಗುರುತಿಸುವುದನ್ನು ಕಲಿಸುತ್ತೇನೆ. ಬಾಂಬುಗಳ ಮೇಲೆ ದೇಶಗಳು ಎಂಥ ಒಪ್ಪಂದ ಮಾಡಿಕೊಂಡರೂ, ಮಾತು ಉಳಿಸಿಕೊಂಡರೋ ಇಲ್ಲವೋ ಎಂದು ಹೇಳಲು ಈ ವಿದ್ಯೆ ಬೇಕೇ ಬೇಕು. ಸರ್ ಆಗಾಗ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಾರೆ. ದಿಲ್ಲಿಯವರು ಆ ಕೆಲಸವನ್ನು ಯಾರಿಂದ ಮಾಡಿಸಿದರು, ಮುಗಿಯಿತೋ ಇಲ್ಲವೋ ನಮಗಿಬ್ಬರಿಗೂ ತಿಳಿಯದು.

ಹೋದ ತಿಂಗಳು ನನ್ನ ಒಬ್ಬ ವಿದ್ಯಾರ್ಥಿನಿ ಸ್ಟಾಫ್‌ರೂಮಿಗೆ ಬಂದಳು. ಸಾತಾರೆಯ ಹುಡುಗಿ, ಲೆಕ್ಕದಲ್ಲಿ ನನಗಿಂತ ಚುರುಕು. ಅವಳಿಗೆ ಕೆಲಸ ಸಿಕ್ಕಿತ್ತು. ಎಲ್ಲಿ ಎಂದು ಹೇಳಲು ಹಿಂದೆಮುಂದೆ ನೋಡಿದಳು, ಹಿಂದೆ ಸರ್ ಕೆಲಸ ಮಾಡಿದಂಥ ಜಾಗವೇ ಎಂದು ನನಗೆ ಅರ್ಥವಾಯಿತು. "ಮ್ಯಾಡಂ, ಜಾವೂ ಕೀ ನಕೋ?" ಎಂದಳು. ಹೋಗಲೋ ಬೇಡವೋ.

ಅವಳ ಮನೆಯವರ ಸಂತೋಷ, ಅವಳ ಬುದ್ಧಿಗೆ ಸಿಗಬೇಕಾದ ಕೆಲಸ ಎರಡೂ ಕಣ್ಣ ಮುಂದೆ ಬಂದವು. ಹೋಗು ಎಂದು ಹೇಳಲು ಬಾಯಿ ಬರಲಿಲ್ಲ, ಬೇಡ ಎನ್ನಲೂ ಬರಲಿಲ್ಲ. ಕುರ್ಚಿ ಎಳೆದು ಕೂರಿಸಿದೆ. ಅವರು ನಿನಗೆ ಮಾಡಲು ಏನು ಹೇಳಿದ್ದಾರೆ, ನಿನಗೆ ಗೊತ್ತಿರುವಷ್ಟು ಹೇಳು, ಮೊದಲಿನಿಂದ ಯೋಚನೆ ಮಾಡೋಣ ಎಂದೆ. ಅವಳು ಬ್ಯಾಗನ್ನು ಕೆಳಗಿಟ್ಟು ಹೇಳತೊಡಗಿದಳು.